ಅಲ್ಸೆನ್‌ಬೋರ್ನ್ ಎಂಬ ಹಳ್ಳಿ, ಅಳಿದುಹೋದ ಒಂದು ಕೂಟ

ಚಳ್ಳಕೆರೆ ಎಂದೊಡನೆ ಶೇಂಗಾ ಮತ್ತು ಎಣ್ಣೆಯ ಗಿರಣಿಗಳು, ಮೊಳಕಾಲ್ಮೂರು ಎಂದೊಡನೆ ರೇಷ್ಮೆಯ ಸೀರೆಗಳು ನೆನಪಿಗೆ ಬರುತ್ತವೆ. ಊರಿನ ಹೆಸರಿಗೂ ಕಸುಬಿಗೂ ಹೀಗೆ ಗಂಟು ಬೀಳುವುದು ಚಿತ್ರದುರ್ಗದ ಬಯಲುಸೀಮೆಯಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ಜರ್ಮನಿಯ ನೈಋತ್ಯದ ಮೂಲೆಯಲ್ಲಿ, ಫ್ರಾನ್ಸಿನ ಗಡಿಗೆ ಒತ್ತಿಕೊಂಡಿರುವ ಊರುಗಳೂ ಇಂಥವೇ. ಪಿರ್ಮಾಸೆನ್ಸ್ ಎಂದರೆ ಪಾದರಕ್ಷೆ. ನೊಯಿನ್‌ಕಿರ್ಷೆನ್ ಎಂದರೆ ಕಬ್ಬಿಣ. ಫೋಲ್ಕ್ಲಿಂಗೆನ್ ಎಂದರೆ ಉಕ್ಕಿನ ಕುಲುಮೆ. ಲುಡ್ವಿಗ್ಸ್‌ಹಾಫೆನ್ ಎಂದರೆ ಬಣ್ಣ ಮತ್ತು ರಾಸಾಯನಿಕಗಳ ಕಾರ್ಖಾನೆ. 1963ರಿಂದ 1974ರವರೆಗೆ, ಹನ್ನೊಂದು ವರ್ಷ, ಈ ಭಾಗದ ಊರುಗಳು ವಾರವಾರವೂ ಒಂದರೊಡನೊಂದು ಕಾಲ್ಚೆಂಡಾಡಿದುವು. ಆ ಕೂಟದ ಹೆಸರು ರೆಗಿಯೊನಾಲ್‌ಲೀಗಾ ಸ್ಯೂಡ್‌ವೆಸ್ಟ್, ಎಂದರೆ ನೈಋತ್ಯ ಪ್ರಾಂತ ಕೂಟ. ಇಂದು ಆ ಕೂಟವಿಲ್ಲ. ಅದರ ಕಥೆಯಲ್ಲಿ ಮಾತ್ರ ಸಣ್ಣ ಊರುಗಳವರೆಲ್ಲರೂ ತಿಳಿಯತಕ್ಕ ವಿಷಯವೊಂದಿದೆ.

ಕಬಡ್ಡಿ, ಖೋ ಖೋ, ಜಾತ್ರೆಯ ಕುಸ್ತಿಗಳನ್ನು ಬಲ್ಲ ಓದುಗರಿಗೆ ಯೂರೋಪಿನ ಈ ಪದ್ಧತಿಯನ್ನು ಎರಡು ಮಾತುಗಳಲ್ಲಿ ಹೇಳಬೇಕಾದೀತು. ಅಲ್ಲಿ ತಂಡಗಳು ಶಾಲೆಯ ತರಗತಿಗಳಂತೆ ದರ್ಜೆದರ್ಜೆಯಾಗಿ ಹಂಚಿಹೋಗಿರುತ್ತವೆ. ವರ್ಷವಿಡೀ ಆಡಿ ಗಳಿಸಿದ ಅಂಕಗಳ ಮೇಲೆ ಮೊದಲಿಗರಿಗೆ ಮೇಲಿನ ತರಗತಿಗೆ ಬಡ್ತಿ. ಶಾಲೆಗಿಂತ ಕಠಿಣವಾದ ನಿಯಮವೂ ಒಂದುಂಟು: ಕೊನೆಯಲ್ಲಿ ಬಂದವರು ಅದೇ ತರಗತಿಯಲ್ಲಿ ಕೂರುವಂತಿಲ್ಲ, ಕೆಳಗಿನ ತರಗತಿಗೆ ಇಳಿಯಬೇಕು. ಈ ಏರಿಳಿತವೇ ಆ ಆಟದ ಜೀವ. ಹಳ್ಳಿಯ ತಂಡವೊಂದು ಗೆಲ್ಲುತ್ತ ಗೆಲ್ಲುತ್ತ ರಾಜಧಾನಿಯ ತಂಡದ ಎದುರಿಗೆ ನಿಲ್ಲಬಹುದೆಂಬ ಆಸೆಯ ಬೇರು ಇರುವುದು ಇಲ್ಲಿಯೇ.

ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯಲ್ಲಿ ಇಡೀ ದೇಶಕ್ಕೆ ಒಂದೇ ಎಂಬ ಕೂಟವಿರಲಿಲ್ಲ. ಉತ್ತರ, ಪಶ್ಚಿಮ, ನೈಋತ್ಯ, ದಕ್ಷಿಣ, ಬರ್ಲಿನ್ ಎಂದು ಐದು ಪ್ರಾಂತಗಳಿಗೆ ಐದು ಮೇಲ್ಕೂಟಗಳು. ಅವುಗಳ ಮುಂದಾಳುಗಳು ವರ್ಷದ ಕೊನೆಯಲ್ಲಿ ಸೆಣಸಿ ದೇಶದ ಪ್ರಶಸ್ತಿಯನ್ನು ನಿರ್ಧರಿಸುತ್ತಿದ್ದರು. ನೈಋತ್ಯದಲ್ಲಿ ಕೈಸರ್ಸ್‌ಲೌಟರ್ನ್ ತಂಡದ್ದೇ ಪಾರುಪತ್ಯ. 1951 ಮತ್ತು 1953ರಲ್ಲಿ ಅದು ಇಡೀ ದೇಶದ ಪ್ರಶಸ್ತಿಯನ್ನೇ ಗೆದ್ದಿತು. 1954ರ ಜುಲೈ 4ರಂದು ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿ, ಯಾರೂ ಸೋಲಿಸಲಾರರೆಂದು ಹೆಸರಾಗಿದ್ದ ಹಂಗೆರಿಯನ್ನು ಜರ್ಮನಿ ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಎತ್ತಿದಾಗ, ಕಣದಲ್ಲಿದ್ದ ಹನ್ನೊಂದು ಮಂದಿಯಲ್ಲಿ ಐವರು ಈ ಒಂದೇ ಊರಿನ ತಂಡದವರು. ನಾಯಕ ಫ್ರಿಟ್ಸ್ ವಾಲ್ಟರ್ ಅವರಲ್ಲೊಬ್ಬ. ಅವನ ತಮ್ಮ ಒಟ್ಮಾರ್ ಇನ್ನೊಬ್ಬ.

ಗಡಿಯಾಚೆಯ ರಾಜಕೀಯವೂ ಈ ಪ್ರಾಂತದ ಆಟದೊಳಕ್ಕೆ ನುಗ್ಗಿತ್ತು. ಕಲ್ಲಿದ್ದಲಿನ ನಾಡಾದ ಸಾರ್ ಪ್ರದೇಶವನ್ನು ಯುದ್ಧಾನಂತರ ಫ್ರಾನ್ಸ್ ತನ್ನ ರಕ್ಷಣೆಗೆ ತೆಗೆದುಕೊಂಡಿತು. ಅಲ್ಲಿಯ ಮುಖ್ಯ ತಂಡ ಸಾರ್‌ಬ್ರ್ಯೂಕೆನ್ 1948–49ರಲ್ಲಿ ಅತಿಥಿಯಾಗಿ ಫ್ರಾನ್ಸಿನ ಎರಡನೆಯ ದರ್ಜೆಯಲ್ಲಿ ಆಡಿ ಎಲ್ಲರಿಗಿಂತ ಮುಂದೆ ನಿಂತಿತು. ಆದರೆ ಮೇಲಿನ ದರ್ಜೆಯ ಬಾಗಿಲನ್ನು ಅತಿಥಿಗೆ ಯಾರೂ ತೆರೆಯಲಿಲ್ಲ. 1954ರ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಸಾರ್ ಪ್ರತ್ಯೇಕ ದೇಶವೆಂಬಂತೆ ಜರ್ಮನಿಯ ವಿರುದ್ಧವೇ ಆಡಿತು. ಸಾರ್ ತಂಡಕ್ಕೆ ಆಗ ಶಿಕ್ಷಣ ಕೊಡುತ್ತಿದ್ದವನು ಹೆಲ್ಮುಟ್ ಶ್ಯೋನ್. ಇಪ್ಪತ್ತು ವರ್ಷಗಳ ಬಳಿಕ, 1974ರಲ್ಲಿ, ಜರ್ಮನಿಗೆ ವಿಶ್ವಕಪ್ಪನ್ನು ಗಳಿಸಿಕೊಟ್ಟ ಶಿಕ್ಷಕನೂ ಅವನೇ. 1955ರ ಜನಮತಗಣನೆಯ ಫಲವಾಗಿ 1957ರ ಜನವರಿ 1ರಂದು ಸಾರ್ ಪಶ್ಚಿಮ ಜರ್ಮನಿಗೆ ಸೇರಿತು.

ಐದು ಕೂಟಗಳ ಈ ಏರ್ಪಾಟು ಹಣದ ಮುಂದೆ ಬಹುಕಾಲ ನಿಲ್ಲಲಿಲ್ಲ. ಇಟಲಿ, ಸ್ಪೇನ್ ಮೊದಲಾದ ದೇಶಗಳು ಜರ್ಮನಿಯ ಒಳ್ಳೆಯ ಆಟಗಾರರನ್ನು ಸಂಬಳದ ಆಸೆ ತೋರಿ ಕರೆದೊಯ್ಯತೊಡಗಿದುವು. 1962ರ ಜುಲೈ 28ರಂದು ಡೋರ್ಟ್‌ಮುಂಡಿನಲ್ಲಿ ಸೇರಿದ ಕಾಲ್ಚೆಂಡು ಒಕ್ಕೂಟದ ಸಭೆ, ದೇಶಕ್ಕೆಲ್ಲ ಒಂದೇ ಕೂಟವನ್ನು ಕಟ್ಟಲು ನಿರ್ಣಯಿಸಿತು. ಅದೇ ಬುಂಡೆಸ್‌ಲೀಗಾ. ಅದರಲ್ಲಿ ಹದಿನಾರು ಸ್ಥಾನಗಳು. ನೈಋತ್ಯದ ಪಾಲಿಗೆ ಬಂದುವು ಎರಡು. ಕೈಸರ್ಸ್‌ಲೌಟರ್ನ್‌ಗೆ ಒಂದು ಸ್ಥಾನವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎರಡನೆಯದು ಯಾರಿಗೆ?

ಜಗಳ ಹುಟ್ಟಿದ್ದು ಇಲ್ಲಿ. ಕೊನೆಯ ವರ್ಷದ ಕೋಷ್ಟಕದಲ್ಲಿ ನೊಯಿನ್‌ಕಿರ್ಷೆನ್ ತಂಡವು ಸಾರ್‌ಬ್ರ್ಯೂಕೆನ್‌ಗಿಂತ ಮೇಲಿತ್ತು. ಒಕ್ಕೂಟವಾದರೋ ಹಿಂದಿನ ಹನ್ನೆರಡು ವರ್ಷಗಳ ಲೆಕ್ಕವನ್ನು ಕೂಡಿಸಿ, ಹಣಕಾಸು, ಕ್ರೀಡಾಂಗಣ ಇತ್ಯಾದಿಗಳನ್ನೂ ತೂಗಿ, 1963ರ ಜನವರಿಯಲ್ಲಿ ಮೊದಲು ಆರಿಸಿದ ಒಂಬತ್ತು ತಂಡಗಳಲ್ಲಿಯೇ ಸಾರ್‌ಬ್ರ್ಯೂಕೆನ್ನಿನ ಹೆಸರನ್ನು ಸೇರಿಸಿಬಿಟ್ಟಿತು. ಆರಿಸಿದವರಲ್ಲಿ ಹೆರ್ಮಾನ್ ನೊಯ್‌ಬೆರ್ಗರ್ ಎಂಬ ಪ್ರಭಾವಶಾಲಿಯಿದ್ದ; ಅವನು ಸಾರ್ ಪ್ರದೇಶದವನು. ಜನ ಆಡಿಕೊಂಡರು. ಆಡಿಕೊಂಡ ಮಾತು ಸಾಕ್ಷಿಯಾಗದು, ನಿಜ. ಆದರೆ ಮುಂದಿನ ವರ್ಷ ಕಣದಲ್ಲಿ ನಡೆದುದು ಸಾಕ್ಷಿಗಿಂತ ಹರಿತವಾಗಿತ್ತು: ಸಾರ್‌ಬ್ರ್ಯೂಕೆನ್ ಹದಿನಾರನೆಯ, ಎಂದರೆ ಕಟ್ಟಕಡೆಯ ಸ್ಥಾನದಲ್ಲಿ ನಿಂತು ಕೆಳಗಿಳಿಯಿತು, ಅದೇ 1964ರ ಬೇಸಿಗೆಯಲ್ಲಿ ನೊಯಿನ್‌ಕಿರ್ಷೆನ್ ಬಡ್ತಿ ಪಡೆದು ಮೇಲೇರಿತು. ಬಡ್ತಿಯ ಪಂದ್ಯಗಳಲ್ಲಿ ಅದು ಹಿಂದೆ ಹಾಕಿದ್ದು ಯಾರನ್ನು ಗೊತ್ತೆ? ಬಾಯರ್ನ್ ಮ್ಯೂನಿಕ್ ತಂಡವನ್ನು! ಅಂದು ಮ್ಯೂನಿಕ್ಕಿನ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದಿದ್ದ ಹದಿನೆಂಟರ ಹುಡುಗನ ಹೆಸರು ಫ್ರಾಂಜ್ ಬೆಕೆನ್‌ಬವರ್.

ಬುಂಡೆಸ್‌ಲೀಗಾದ ಕೆಳಗೆ, ಎರಡನೆಯ ದರ್ಜೆಯಾಗಿ, ಹಳೆಯ ಐದು ಪ್ರಾಂತಗಳಲ್ಲಿ ಐದು ರೆಗಿಯೊನಾಲ್‌ಲೀಗಾಗಳು ಹುಟ್ಟಿಕೊಂಡುವು. ನೈಋತ್ಯದ್ದು ಅವುಗಳಲ್ಲೊಂದು. ಐದು ಕೂಟಗಳ ಮುಂದಾಳುಗಳು ಎರಡು ಗುಂಪುಗಳಲ್ಲಿ ಆಡಬೇಕು. ಗುಂಪಿಗೊಬ್ಬರಂತೆ ಇಬ್ಬರಿಗೆ ಮಾತ್ರ ಬಡ್ತಿ. ವರ್ಷವೆಲ್ಲ ಗೆದ್ದವನೂ ಕೊನೆಯ ಕೆಲವು ವಾರಗಳಲ್ಲಿ ಮುಗ್ಗರಿಸಿದರೆ ಮತ್ತೆ ಮೊದಲಿನಿಂದ ಹತ್ತಬೇಕು. ಮೇಲಿನ ದರ್ಜೆಯಲ್ಲಿ ತಿಂಗಳಿಗೆ 1200 ಮಾರ್ಕುಗಳವರೆಗೆ ಸಂಬಳಕ್ಕೆ ಅವಕಾಶವಿದ್ದರೆ, ಇಲ್ಲಿ ಆಟಗಾರನು ಅರ್ಧ ಆಟಗಾರ, ಅರ್ಧ ಕೂಲಿಕಾರ. ವಿಶ್ವಕಪ್ಪು ಗೆದ್ದ ಐವರಲ್ಲಿ ಒಬ್ಬನಾದ ಹೋರ್ಸ್ಟ್ ಎಕೆಲ್ ಸಹ 1960ರಲ್ಲಿ ಕೈಸರ್ಸ್‌ಲೌಟರ್ನ್ ಬಿಟ್ಟು, ಫೋಲ್ಕ್ಲಿಂಗೆನ್ನಿನ ರ್‍ಯೋಖ್ಲಿಂಗ್ ಉಕ್ಕಿನ ಕಾರ್ಖಾನೆಯ ಹೆಸರು ಹೊತ್ತಿದ್ದ ತಂಡಕ್ಕೆ ಸೇರಿದನು. ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳ ತಂಡಗಳನ್ನು ಕಂಡ ಬೆಂಗಳೂರಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಲ್ಸೆನ್‌ಬೋರ್ನಿನ ಕಥೆ. ಕೈಸರ್ಸ್‌ಲೌಟರ್ನ್ ಪಟ್ಟಣದ ಮಗ್ಗುಲಿನ ಈ ಊರು ಕೆಲವೇ ಸಾವಿರ ಜನರ ಹಳ್ಳಿ. ಹಿಂದಿನ ಶತಮಾನಗಳಲ್ಲಿ ಇಲ್ಲಿಯ ಜನ ಸರ್ಕಸ್ಸಿನ ಕಸುಬಿಗೆ ಹೆಸರಾದವರು. ಹಗ್ಗದ ಮೇಲೆ ನಡೆದವರು, ಲಾಗ ಹಾಕಿದವರು, ನಗಿಸಿದವರು. ಅದರ ನೆನಪಿಗೆ ಇಂದು ಅಲ್ಲೊಂದು ವಸ್ತುಸಂಗ್ರಹಾಲಯವೇ ಇದೆ. ಆಟವನ್ನು ಬಿಟ್ಟ ಫ್ರಿಟ್ಸ್ ವಾಲ್ಟರ್ ಮನೆ ಕಟ್ಟಿಕೊಂಡದ್ದು ಈ ಹಳ್ಳಿಯಲ್ಲಿ. ವಿಶ್ವಕಪ್ಪು ಗೆದ್ದ ನಾಯಕ ಊರಿನಲ್ಲಿಯೇ ನೆಲೆಸಿ ಹಳ್ಳಿಯ ಹುಡುಗರ ಆಟಕ್ಕೆ ಬುದ್ಧಿ ಹೇಳತೊಡಗಿದರೆ ಏನಾದೀತು? ಕೆಳಗಿನ ದರ್ಜೆಗಳನ್ನು ಒಂದೊಂದಾಗಿ ಹತ್ತಿದ ಅಲ್ಸೆನ್‌ಬೋರ್ನ್ 1965ರಲ್ಲಿ ನೈಋತ್ಯದ ಕೂಟಕ್ಕೆ ಬಂದಿತು. ಮೂರೇ ವರ್ಷ ಕಳೆದಿತ್ತು. 1968ರಲ್ಲಿ ಕೂಟದ ಪ್ರಶಸ್ತಿ ಹಳ್ಳಿಯ ಪಾಲಾಯಿತು. 1969ರಲ್ಲಿಯೂ ಅದೇ. 1970ರಲ್ಲಿಯೂ ಅದೇ!

ನಾಯಕನಹಟ್ಟಿಯ ತೇರಿನ ದಿನದ ಜನಸಂದಣಿಯನ್ನು ಕಂಡವರು ಆ ಹಳ್ಳಿಯ ಫಜೀತಿಯನ್ನು ಊಹಿಸಿಕೊಳ್ಳಬಹುದು. ಬಡ್ತಿಯ ಪಂದ್ಯಗಳನ್ನು ನೋಡಲು ಬರುವ ಜನಕ್ಕೆ ಊರಿನ ಮೈದಾನ ಸಾಲದು. ತಂಡವು ತನ್ನ ‘ಮನೆಯ’ ಪಂದ್ಯಗಳನ್ನು ಲುಡ್ವಿಗ್ಸ್‌ಹಾಫೆನ್ನಿನ ದೊಡ್ಡ ಕ್ರೀಡಾಂಗಣಕ್ಕೆ ಹೋಗಿ ಆಡಬೇಕಾಯಿತು. ಮೂರು ಸಲವೂ ಬಡ್ತಿ ಕೈತಪ್ಪಿತು. 1968ರಲ್ಲಿ ಬರ್ಲಿನ್ನಿನ ಹೆರ್ಥಾ, ಓಫೆನ್‌ಬಾಖ್ ತಂಡಗಳು ಮೇಲೇರಿದುವು. 1969ರಲ್ಲಿ ಎಸ್ಸೆನ್, ಓಬರ್‌ಹೌಸೆನ್. 1970ರಲ್ಲಿ ಬೀಲೆಫೆಲ್ಟ್, ಮತ್ತೆ ಓಫೆನ್‌ಬಾಖ್. ನಡುವೆ, 1969ರಲ್ಲಿ, ಹಳ್ಳಿಯ ಗೋಲುಗಾರ ಲೋರೆಂಜ್ ಹೋರ್‌ನನ್ನು ಹೆರ್ಥಾ ತಂಡವೇ ದೊಡ್ಡ ಹಣ ಕೊಟ್ಟು ಕೊಂಡೊಯ್ದಿತು. ಮೇಲೇರಿದವರು ಕೆಳಗುಳಿದವರ ಬಲವನ್ನೇ ಕೊಳ್ಳುವುದು ಆಟದ ಲೋಕದಲ್ಲಿ ಹೊಸದಲ್ಲ.

1970ರಲ್ಲಿ ಮೇಲೇರಿದ ಆ ಇಬ್ಬರ ಗತಿಯನ್ನು ಹೇಳದಿರಲಾಗದು. 1971ರ ಜೂನ್ 6ರಂದು ಓಫೆನ್‌ಬಾಖ್ ತಂಡದ ಅಧ್ಯಕ್ಷ ಹೋರ್ಸ್ಟ್-ಗ್ರೆಗೋರಿಯೊ ಕನೆಲಾಸ್ ತನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ ಅತಿಥಿಗಳನ್ನು ಕರೆದು, ಮನೆಯ ತೋಟದಲ್ಲಿ ಧ್ವನಿಸುರುಳಿಯೊಂದನ್ನು ಕೇಳಿಸಿದನು. ಪಂದ್ಯಗಳನ್ನು ಹಣಕ್ಕೆ ಮಾರಲು ಆಟಗಾರರು ಚೌಕಾಸಿ ಮಾಡುತ್ತಿದ್ದ ಮಾತುಗಳು ಅದರಲ್ಲಿದ್ದುವು. ಕೇಳುತ್ತ ಕುಳಿತವರಲ್ಲಿ ಹೆಲ್ಮುಟ್ ಶ್ಯೋನ್ ಸಹ ಒಬ್ಬ. ವಿಚಾರಣೆ ನಡೆದು ಐವತ್ತಕ್ಕೂ ಹೆಚ್ಚು ಆಟಗಾರರಿಗೆ ಶಿಕ್ಷೆಯಾಯಿತು. ಪಂದ್ಯಗಳನ್ನು ಕೊಂಡು ಉಳಿದುಕೊಂಡಿದ್ದ ಬೀಲೆಫೆಲ್ಟ್ 1972ರಲ್ಲಿ ಕೆಳಗಿಳಿಯಬೇಕಾಯಿತು. ಗುಟ್ಟನ್ನು ಬಯಲು ಮಾಡಿದ ಕನೆಲಾಸನೂ ದಂಡನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಲಂಚದ ಮೂಲವೆಲ್ಲಿ ಎಂದು ಹುಡುಕಿದವರಿಗೆ ಕಂಡುದು ಎರಡು ದರ್ಜೆಗಳ ನಡುವಿನ ಕಂದರ. ಬುಂಡೆಸ್‌ಲೀಗಾದಿಂದ ರೆಗಿಯೊನಾಲ್‌ಲೀಗಾಕ್ಕೆ ಬಿದ್ದ ತಂಡಕ್ಕೆ ಟಿಕೆಟ್ಟಿನ ಹಣವೂ ಹೋಯಿತು, ಒಳ್ಳೆಯ ಆಟಗಾರರೂ ಹೋದರು. ಬೀಳುವುದೆಂದರೆ ದಿವಾಳಿಯೆಂದೇ ಅರ್ಥ. ಬೀಳದಿರಲು ಕೆಲವರು ಏನನ್ನಾದರೂ ಮಾಡಲು ಸಿದ್ಧರಿದ್ದರು.

ಪರಿಹಾರವೆಂದು ಒಕ್ಕೂಟವು ಐದೂ ಪ್ರಾಂತ ಕೂಟಗಳನ್ನು 1974ರಲ್ಲಿ ಮುಚ್ಚಿ, ಉತ್ತರ ಮತ್ತು ದಕ್ಷಿಣ ಎಂಬ ಎರಡು ವಿಭಾಗಗಳ ಎರಡನೆಯ ಬುಂಡೆಸ್‌ಲೀಗಾವನ್ನು ಕಟ್ಟಿತು. ವಿಭಾಗಕ್ಕೆ ಇಪ್ಪತ್ತು ತಂಡಗಳು. ಕೆಲವು ವರ್ಷಗಳ ಫಲಿತಾಂಶಗಳನ್ನು ಕೂಡಿಸಿ ಮತ್ತೆ ಕೋಷ್ಟಕ ತಯಾರಾಯಿತು. ಮೂರು ಬಾರಿ ಗೆದ್ದಿದ್ದ ಅಲ್ಸೆನ್‌ಬೋರ್ನ್ ಆ ಲೆಕ್ಕದಲ್ಲಿ ತೇರ್ಗಡೆಯಾಯಿತು. ಆದರೆ ಆಡಲು ಬೇಕಾದ ಪರವಾನಗಿಯನ್ನು ಒಕ್ಕೂಟ ಕೊಡಲಿಲ್ಲ. ಹಳ್ಳಿಗೆ ಹಣಕಾಸಿನ ಬಲ ಸಾಲದೆಂದು ಕಾರಣ ಹೇಳಿತು. ತೆರವಾದ ಸ್ಥಾನಕ್ಕೆ ಬಂದದ್ದು ಯಾರು? ಸಾರ್‌ಬ್ರ್ಯೂಕೆನ್. ಹನ್ನೊಂದು ವರ್ಷಗಳ ಹಿಂದೆ ಕಾಗದದ ಬಲದಿಂದ ಏರಿದ್ದ ತಂಡಕ್ಕೆ ಮತ್ತೊಮ್ಮೆ ಕಾಗದವೇ ಏಣಿಯಾಯಿತು. ನೊಯ್‌ಬೆರ್ಗರ್ ಆಗ ಒಕ್ಕೂಟದ ಹಿರಿಯರ ಸಾಲಿನಲ್ಲಿದ್ದ. ಮರುವರ್ಷ ಅಧ್ಯಕ್ಷನೇ ಆದ. ಅಲ್ಸೆನ್‌ಬೋರ್ನಿನವರು ಏನೆಂದುಕೊಂಡರೆಂಬುದನ್ನು ಬರೆಯಬೇಕಾಗಿಲ್ಲ.

ಒಕ್ಕೂಟದ ವಾದದಲ್ಲಿ ಹುರುಳೇ ಇರಲಿಲ್ಲವೆನ್ನುವುದು ನ್ಯಾಯವಾಗದು. ಹೊಸ ದರ್ಜೆ ದುಬಾರಿಯಾಗಿತ್ತು. 1973ರಲ್ಲಿ ನೈಋತ್ಯದ ಪ್ರಶಸ್ತಿ ಗೆದ್ದಿದ್ದ ಮೈನ್ಜ್ ತಂಡವೇ ಎರಡು ವರ್ಷ ಅಲ್ಲಿ ಆಡಿ, ಖರ್ಚು ತಡೆಯಲಾರದೆ 1976ರಲ್ಲಿ ತಾನಾಗಿ ಹೊರಬಂದಿತು. ಸಾರ್‌ಬ್ರ್ಯೂಕೆನ್ ಅದೇ ವರ್ಷ ದಕ್ಷಿಣ ವಿಭಾಗವನ್ನು ಗೆದ್ದು ಬುಂಡೆಸ್‌ಲೀಗಾ ಸೇರಿತೆಂಬುದನ್ನೂ ಒಪ್ಪಿಕೊಳ್ಳಬೇಕು. ಆದರೂ ಒಂದು ಭೇದವನ್ನು ಮರೆಯುವಂತಿಲ್ಲ. ಮೈನ್ಜ್ ಆಡಿ ಸೋತು ದಣಿದು ಹೊರಬಂದಿತು. ಹೊರಬಂದದ್ದು ಮತ್ತೆ ಹತ್ತಿ 2004ರಲ್ಲಿ, ಯುರ್ಗೆನ್ ಕ್ಲೊಪ್ಪನ ಶಿಕ್ಷಣದಲ್ಲಿ, ಬುಂಡೆಸ್‌ಲೀಗಾವನ್ನೇ ಮುಟ್ಟಿತು. ಅಲ್ಸೆನ್‌ಬೋರ್ನಿಗೆ ಆಡಿ ಸೋಲುವ ಅವಕಾಶವೂ ಸಿಗಲಿಲ್ಲ. ಅದು ಹವ್ಯಾಸಿಗಳ ಕೆಳದರ್ಜೆಗಳಿಗೆ ಇಳಿದುಹೋಯಿತು.

ಇದೆಲ್ಲ ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು, ದಂಡಿನ ಗೋರಾ ತಂಡಗಳ ಸ್ವತ್ತೆಂಬಂತಿದ್ದ ಕಪ್ಪನ್ನು, ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿಯೂ 1948ರಲ್ಲಿಯೂ ಅದನ್ನು ಮತ್ತೆ ಗೆದ್ದವರು ಇವರೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಬಾರಿ ಗೆದ್ದಿತು. 1968–69ರ ಬಳಿಕ ಮತ್ತೊಮ್ಮೆ ಕರ್ನಾಟಕಕ್ಕೆ ಅದು ಒಲಿಯಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ದೇಶಕ್ಕೆಲ್ಲ ಒಂದೇ ಎಂಬ ಕೂಟ ನಮ್ಮಲ್ಲಿ ಹುಟ್ಟಿದ್ದು 1996ರಲ್ಲಿ; 2007ರಲ್ಲಿ ಅದು ಐ-ಲೀಗ್ ಆಯಿತು; 2014ರಲ್ಲಿ ಅದರ ಪಕ್ಕದಲ್ಲಿ ಹಣವಂತರ ಇಂಡಿಯನ್ ಸೂಪರ್ ಲೀಗ್ ಎದ್ದು ನಿಂತಿತು. ಹೊಸ ಕೂಟಕ್ಕೆ ಬಾಗಿಲಿತ್ತು, ಏಣಿಯಿರಲಿಲ್ಲ. ಐ-ಲೀಗನ್ನು 2021 ಮತ್ತು 2022ರಲ್ಲಿ ಎರಡು ಸಲ ಗೆದ್ದ ಕೇರಳದ ಗೋಕುಲಂ ತಂಡಕ್ಕೆ ಬಡ್ತಿಯೆಂಬುದೇ ಇರಲಿಲ್ಲ. 2023ರಲ್ಲಿ ಪಂಜಾಬಿನ ತಂಡವೊಂದು ಗೆಲುವಿನ ಬಲದಿಂದಲೇ ಮೊದಲ ಬಾರಿಗೆ ಮೇಲಕ್ಕೆ ಹೋಯಿತು.

ಜರ್ಮನಿಯಲ್ಲಿ ರೆಗಿಯೊನಾಲ್‌ಲೀಗಾ ಎಂಬ ಹೆಸರು 1994ರಲ್ಲಿ ಮರಳಿ ಬಂತು, ಮೂರನೆಯ ದರ್ಜೆಗೆ. 2008ರಿಂದ ಅದು ನಾಲ್ಕನೆಯ ದರ್ಜೆಯ ಹೆಸರು. ಫ್ರಿಟ್ಸ್ ವಾಲ್ಟರ್ 2002ರ ಜೂನ್ 17ರಂದು ತನ್ನ ಹಳ್ಳಿಯಲ್ಲಿಯೇ ತೀರಿಕೊಂಡನು. ಹೊಸ ನೈಋತ್ಯ ಕೂಟದಲ್ಲಿ ಆಡುತ್ತಿದ್ದ ಸಾರ್‌ಬ್ರ್ಯೂಕೆನ್ ತಂಡ 2020ರಲ್ಲಿ ಜರ್ಮನಿಯ ಕಪ್ ಪಂದ್ಯಾವಳಿಯ ಉಪಾಂತ್ಯವನ್ನು ತಲುಪಿತು. ನಾಲ್ಕನೆಯ ದರ್ಜೆಯ ಯಾವ ತಂಡವೂ ಅದಕ್ಕೆ ಮೊದಲು ಅಷ್ಟು ದೂರ ಬಂದಿರಲಿಲ್ಲ. ಈ ಸಲ ಕಾಗದವಲ್ಲ, ಕಾಲೇ ಅದನ್ನು ಕರೆತಂದಿತ್ತು. ಊರಿನ ಕ್ರೀಡಾಂಗಣ ದುರಸ್ತಿಯಲ್ಲಿದ್ದುದರಿಂದ ಆ ಪಂದ್ಯವನ್ನು ಜೂನ್ 9ರಂದು ಫೋಲ್ಕ್ಲಿಂಗೆನ್ನಿನಲ್ಲಿ ಆಡಿದರು. ಕೊರೋನಾ ಕಾಲ, ಪ್ರೇಕ್ಷಕರಿಲ್ಲದ ಮೈದಾನದಲ್ಲಿ ಲೆವರ್‌ಕೂಸೆನ್ ಮೂರು ಗೋಲುಗಳಿಂದ ಗೆದ್ದಿತು. ಆ ಮೈದಾನಕ್ಕೆ ಇಟ್ಟಿರುವ ಹೆಸರು ಹೆರ್ಮಾನ್ ನೊಯ್‌ಬೆರ್ಗರನದು.