‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರಿನ ಹಿಂದೆ

ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಬೆಳಿಗ್ಗೆ ಮರಾಠಿ ಪತ್ರಿಕೆ ಓದುವವರೂ ಇರುತ್ತಾರೆ, ಕನ್ನಡ ಪತ್ರಿಕೆ ಓದುವವರೂ ಇರುತ್ತಾರೆ. ನಮ್ಮಂಥವರ ಮನೆಗಳಲ್ಲಿ ಉರ್ದು ಸುದ್ದಿ ಮೊಬೈಲ್‌ನಲ್ಲಿ ಬರುತ್ತದೆ. ಗಾಜಾದಲ್ಲಿ ನಡೆದದ್ದನ್ನು ಒಂದು ಕಡೆ ‘ಯುದ್ಧ’, ಇನ್ನೊಂದು ಕಡೆ ‘ಸಂಘರ್ಷ’, ಮತ್ತೊಂದು ಕಡೆ ‘ನಸ್ಲ್‌ಕುಶಿ’ ಎಂದು ಓದುತ್ತೇವೆ. ಸತ್ತವರು ಅವರೇ. ಆದರೆ ಹೆಸರು ಬದಲಾದರೆ ಓದುವವರ ತೀರ್ಪೂ ಬದಲಾಗುತ್ತದೆ. ಇದು ದೂರದ ದೇಶಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಕೆಲವೇ ದಿನಗಳಲ್ಲಿ ನಿಜಾಮರು ಶರಣಾದರು. ಹೋದದ್ದು ಸೇನೆ, ಇಟ್ಟ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದಲ್ಲಿದ್ದವು. ಬೆಳಗಾವಿ, ಖಾನಾಪುರ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ದೂರದಲ್ಲಿದ್ದವರಿಗೆ ಆ ಹೆಸರು ಕೇಳಿದರೆ ಕಳ್ಳರನ್ನು ಹಿಡಿದಷ್ಟೇ ಅನಿಸುತ್ತದೆ.

ನಂತರ ಪ್ರಧಾನಿ ನೆಹರು ಅವರು ಪಂಡಿತ್ ಸುಂದರಲಾಲ್ ನೇತೃತ್ವದ ತಂಡವನ್ನು ಅಲ್ಲಿಗೆ ಕಳುಹಿಸಿದರು. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರು ಎಂದು ಆ ತಂಡ ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ ಇದ್ದವು. ಹಿಂದೂ ನೇಕಾರರು ತಮ್ಮ ಜೀವ ಪಣಕ್ಕಿಟ್ಟು ಮುಸ್ಲಿಂ ನೇಕಾರರನ್ನು ಉಳಿಸಿದ್ದನ್ನೂ ವರದಿ ದಾಖಲಿಸಿತು. ಆದರೆ ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ವ್ಯವಹಾರದ ಎಂಟ್ರಿಯನ್ನೇ ಬರೆಯದೆ ಬಿಟ್ಟರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ. ಲೆಕ್ಕ ಸರಿಯಾಗಿದೆ ಎಂದೇ ಎಲ್ಲರೂ ನಂಬುತ್ತಾರೆ.

ಹಾಗೆಂದು ನಮಗೆ ಬೇಕಾದ ಎಂಟ್ರಿ ಮಾತ್ರ ಬರೆಯುವುದೂ ಸರಿಯಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಅಲ್ಲಿ ಈಗ ಸ್ಮಾರಕವಿದೆ, ಇರಲೇಬೇಕು. ಗೋರಟಾ ಮರೆತು ಸುಂದರಲಾಲ್ ವರದಿ ಹಿಡಿದುಕೊಂಡರೆ ನಮ್ಮ ಮಾತನ್ನು ಯಾರು ನಂಬುತ್ತಾರೆ?

1948ರ ಘಟನೆಗಳಿಗೆ ‘ಜನಾಂಗಹತ್ಯೆ’ ಎಂಬ ಪದ ಹಚ್ಚಬೇಕೆಂದು ನಾನು ವಾದಿಸುತ್ತಿಲ್ಲ. ಅದೇ ವರ್ಷ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಯಂತೆ, ಒಂದು ಸಮುದಾಯವನ್ನು ಪೂರ್ತಿಯಾಗಿ ಅಥವಾ ಭಾಗಶಃ ನಾಶಮಾಡುವ ಉದ್ದೇಶ ಸಾಬೀತಾಗಬೇಕು. ಗಾಜಾ ಕುರಿತು ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜನವರಿ 26ರಂದು ಇಸ್ರೇಲ್‌ಗೆ ಮಧ್ಯಂತರ ಆದೇಶ ಕೊಟ್ಟದ್ದೂ ಈ ಒಡಂಬಡಿಕೆಯ ಅಡಿಯಲ್ಲೇ. ಉದ್ದೇಶವನ್ನು ನ್ಯಾಯಾಲಯ ತೂಗಲಿ. ಆದರೆ ಸಾವಿನ ಸುದ್ದಿಯೇ ಹೊರಗೆ ಬಾರದಿದ್ದರೆ ಪ್ರಶ್ನೆ ನ್ಯಾಯಾಲಯದ ಬಾಗಿಲವರೆಗೂ ಹೋಗುವುದಿಲ್ಲ.

ಮಾಧ್ಯಮ ಇದಕ್ಕಿಂತ ದೊಡ್ಡ ಅಪರಾಧವನ್ನೂ ಮಾಡಬಲ್ಲದು. 1994ರಲ್ಲಿ ರುವಾಂಡಾದ ಒಂದು ರೇಡಿಯೊ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯುತ್ತಿತ್ತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊ ನಡೆಸಿದವರನ್ನು ಅಪರಾಧಿಗಳೆಂದು ತೀರ್ಪು ಕೊಟ್ಟಿತು.

ನಮ್ಮ ಕೈಯಲ್ಲಿರುವುದು ಸಣ್ಣ ಕೆಲಸ. ‘ದಾಳಿಗೆ 30 ಮಂದಿ ಬಲಿ’ ಎಂದು ಓದಿದಾಗ ಕೊಂದವರು ಯಾರು ಎಂದು ಹುಡುಕಬೇಕು. ಲೆಕ್ಕ ಕೊಟ್ಟವರು ಯಾರು ಎಂದು ಕೇಳಬೇಕು. ಒಂದು ಇಡೀ ಸಮುದಾಯವನ್ನು ಪ್ರಾಣಿಗೋ ರೋಗಕ್ಕೋ ಹೋಲಿಸಿದ ಸಂದೇಶ ಬಂದರೆ ಯಾರ ಬಗ್ಗೆಯೇ ಇರಲಿ, ಮುಂದಕ್ಕೆ ಕಳುಹಿಸಬಾರದು. ಕಾಲೇಜಿಗೆ ನನ್ನದೊಂದು ವಿನಂತಿ: ಗ್ರಂಥಾಲಯದ ಒಂದೇ ಮೇಜಿನ ಮೇಲೆ ಕನ್ನಡ, ಮರಾಠಿ, ಉರ್ದು ಪತ್ರಿಕೆಗಳನ್ನು ಇಡಿ. ವಾರಕ್ಕೊಮ್ಮೆ ಒಂದೇ ಸುದ್ದಿಯನ್ನು ಮೂರರಲ್ಲೂ ಓದಿ ಚರ್ಚಿಸೋಣ. ಮುಂದಿನ ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಗೋರಟಾದಲ್ಲಿ ಸತ್ತವರನ್ನೂ ಸುಂದರಲಾಲ್ ವರದಿಯಲ್ಲಿರುವವರನ್ನೂ ಒಟ್ಟಿಗೆ ನೆನೆಯೋಣ.