ಗ್ರೂಪ್‌ಗೆ ಬರುವ ‘ಪಿಎಂ ಕಿಸಾನ್’ ಫೈಲ್: ಮೋಸ ಹೋದವರನ್ನು ಬೈಯುವ ಮುಂಚೆ

ಕಳೆದ ವರ್ಷ ಈರುಳ್ಳಿ ಕಿತ್ತ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ₹23,400 ಹೋಯಿತು. ರೇಟ್ ಬಿದ್ದು ಹೋಗಿದ್ದಲ್ಲ, ಮಳೆಗೆ ಕೊಳೆತು ಹೋಗಿದ್ದೂ ಅಲ್ಲ. ಅಪ್ಪನ ಫೋನಿನಿಂದ ಹೋಯಿತು.

ಊರಿನ ವಾಟ್ಸಾಪ್ ಗ್ರೂಪ್‌ಗೆ ಒಂದು ಫೈಲ್ ಬಂದಿತ್ತು. ಹೆಸರು ‘ಪಿಎಂ ಕಿಸಾನ್’, ಕೊನೆಯಲ್ಲಿ ಪುಟ್ಟದಾಗಿ ‘ಎಪಿಕೆ’. ಕಳಿಸಿದ್ದು ಯಾರೋ ಗೊತ್ತಿಲ್ಲದವರಲ್ಲ, ನಾವು ವರ್ಷಗಟ್ಟಲೆ ಗೊಬ್ಬರ ತರುವ ಅಂಗಡಿಯವರ ನಂಬರ್. ಕಂತು ಬರಬೇಕಾದ ಸಮಯ ಬೇರೆ. ಇ-ಕೆವೈಸಿ ಮಾಡದಿದ್ದರೆ ದುಡ್ಡು ನಿಲ್ಲುತ್ತೆ ಅಂತ ಕೆಳಗೆ ಬರೆದಿತ್ತು. ಅಪ್ಪ ಒತ್ತಿದರು. ಹೊರಗಿನ ಆಪ್ ಹಾಕಲು ಅನುಮತಿ ಕೊಡಿ ಅಂದಿತು, ಕೊಟ್ಟರು. ಮೆಸೇಜ್ ನೋಡಲು ಅನುಮತಿ ಕೊಡಿ ಅಂದಿತು, ಅದನ್ನೂ ಕೊಟ್ಟರು. ಆಮೇಲೆ ಬಂದ ಫಾರಂನಲ್ಲಿ ಆಧಾರ್, ಖಾತೆ ನಂಬರ್, ಎಟಿಎಂ ಕಾರ್ಡಿನ ವಿವರ ಎಲ್ಲ ತುಂಬಿದರು. ಆ ರಾತ್ರಿಯೇ ಮೂರು ಸಲ ದುಡ್ಡು ಕಟ್ ಆಗಿದೆ.

ನನಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು, ಈರುಳ್ಳಿ ಕೊಯ್ದ ಹೆಣ್ಣಾಳುಗಳಿಗೆ ಕೂಲಿ ಕೊಡುವ ದಿನ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಅಪ್ಪ ಅಂದಿದ್ದು ಇಷ್ಟೇ: “ಹೆಂಗ್ ಹೇಳ್ಲಿ ಕಣಪ್ಪ. ಫೋನ್ ನೋಡ್ಕೊಂಡು ಒತ್ತು ಅಂತ ನೀನೇ ಎಷ್ಟ್ ಸಲ ಬೈದಿದ್ದೆ.”

ಆ ಮಾತು ಇವತ್ತಿಗೂ ಚುಚ್ಚುತ್ತೆ. ಯಾಕಂದ್ರೆ ಅದು ನಿಜ. ನಾನು ಬೈದಿದ್ದೆ.

ಯಾರಾದರೂ ಆನ್‌ಲೈನ್ ಮೋಸಕ್ಕೆ ಸಿಕ್ಕರೆ ನಮ್ಮ ಕಡೆ ಮೊದಲು ಬರುವ ಮಾತು “ದುರಾಸೆ ಪಟ್ಟ, ಅನುಭವಿಸಿದ”. ಲಾಟರಿ ಬಂದಿದೆ ಅಂತ ಮೇಲ್ ಬಂದು ಅದನ್ನು ನಂಬಿದವರಿಗೆ ಬೇಕಾದರೆ ಹಾಗೆ ಅನ್ನಿ. ಆದರೆ ವರ್ಷಕ್ಕೆ ₹6,000, ಮೂರು ಕಂತಿನಲ್ಲಿ ₹2,000ದಂತೆ ಸರ್ಕಾರವೇ ಕೊಡ್ತಿರೋ ದುಡ್ಡು ನಿಂತು ಹೋಗಬಾರದು ಅಂತ ಯೋಚಿಸಿದರೆ ಅದರಲ್ಲಿ ಯಾವ ದುರಾಸೆ? ನಿಜವಾದ ಇ-ಕೆವೈಸಿಯೂ ಇದೆ, ಮಾಡದಿದ್ದರೆ ಕಂತು ನಿಲ್ಲೋದೂ ನಿಜ. ಕಳ್ಳ ಸುಳ್ಳು ಹೇಳಿದ್ದು ಒಂದೇ ಒಂದು ಜಾಗದಲ್ಲಿ: ಅದನ್ನು ಎಲ್ಲಿ ಮಾಡಬೇಕು ಅನ್ನೋದರಲ್ಲಿ.

ಇನ್ನೊಂದು ಮಾತು. ಅದೇ ಗ್ರೂಪ್‌ಗೆ ನಿಜವಾದ ಸುದ್ದಿಯೂ ಹೀಗೇ ಬರುತ್ತೆ. ಬೆಳೆ ವಿಮೆ ಕಡೇ ದಿನ, ಬೆಳೆ ಸಮೀಕ್ಷೆ ಆಪ್, ಸ್ಪ್ರಿಂಕ್ಲರ್ ಸಬ್ಸಿಡಿ ಅರ್ಜಿ, ಎಲ್ಲವೂ ಯಾರೋ ಫಾರ್ವರ್ಡ್ ಮಾಡಿದ ಲಿಂಕ್, ಯಾರೋ ಹಾಕಿದ ಫೈಲ್. ಬಂದಿದ್ದನ್ನು ಒತ್ತೋ ಅಭ್ಯಾಸ ನಾವೇ ಮಾಡಿಸಿದ್ದೀವಿ, ಆಮೇಲೆ ಒತ್ತಿದವನನ್ನು ಪೆದ್ದ ಅಂತೀವಿ. ಅದಕ್ಕೇ ನನ್ನ ಅಭಿಪ್ರಾಯ: ರೈತರ ಗ್ರೂಪ್ ನಡೆಸೋರು, ಅವರು ಅಧಿಕಾರಿಗಳಾಗಲಿ ನಮ್ಮಂಥ ಹುಡುಗರಾಗಲಿ, ಲಿಂಕ್ ಹಾಕೋದನ್ನೇ ನಿಲ್ಲಿಸಬೇಕು. “ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್ ತಗೊಂಡು ಬನ್ನಿ” ಅಥವಾ “ಪ್ಲೇ ಸ್ಟೋರ್‌ಗೆ ಹೋಗಿ ಈ ಹೆಸರು ಹುಡುಕಿ” ಅಂತ ಬಾಯಲ್ಲಿ ಹೇಳಿದ ಹಾಗೆ ಬರೆದರೆ ಸಾಕು. ಸ್ವಲ್ಪ ತಡ ಆಗುತ್ತೆ, ಆಗಲಿ.

ಈ ಎಪಿಕೆ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡರೆ ಗೊಬ್ಬರದ ಅಂಗಡಿಯವರ ಮೇಲಿನ ಸಿಟ್ಟೂ ಇಳಿಯುತ್ತೆ. ಎಪಿಕೆ ಅಂದರೆ ಫೋಟೋನೂ ಅಲ್ಲ, ಪಿಡಿಎಫ್ಫೂ ಅಲ್ಲ, ಒಂದು ಪೂರ್ತಿ ಆಪ್. ಪ್ಲೇ ಸ್ಟೋರ್ ತಪಾಸಣೆ ತಪ್ಪಿಸಿಕೊಂಡು ಹಿಂಬಾಗಿಲಿಂದ ಒಳಗೆ ಬರೋದು. ಮೆಸೇಜ್ ನೋಡುವ ಅನುಮತಿ ಸಿಕ್ಕಿತು ಅಂದರೆ ನಿಮಗೆ ಬರುವ ಒಟಿಪಿ ನೇರ ಕಳ್ಳನ ಕೈಗೆ. ಅದೇ ಒಟಿಪಿಯಿಂದ ನಿಮ್ಮ ವಾಟ್ಸಾಪನ್ನೂ ಅವನ ಫೋನಿನಲ್ಲಿ ತೆರೆದು, ನಿಮ್ಮ ಹೆಸರಲ್ಲೇ ಎಲ್ಲ ಗ್ರೂಪ್‌ಗೂ ಅದೇ ಫೈಲ್ ಹಾಕ್ತಾನೆ. ಅಂಗಡಿಯವರೂ ನಮ್ಮ ಹಾಗೇ ಸಿಕ್ಕಿಬಿದ್ದವರು. ಮರುದಿನ ಅಪ್ಪನ ನಂಬರಿನಿಂದ ನಮ್ಮ ಭಾವನ ಊರಿನ ಗ್ರೂಪ್‌ಗೂ ಹೋಗಿತ್ತು. ಗೊತ್ತಿರೋರು ಕಳಿಸಿದ್ದು ಅಂದರೆ ನಂಬಬಹುದು ಅನ್ನೋ ಕಾಲ ಇದಲ್ಲ.

ಒತ್ತಿಬಿಟ್ಟಿದ್ದರೆ ಏನು ಮಾಡಬೇಕು? ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸಿಮ್ ತೆಗೆಯಿರಿ. ಪಕ್ಕದವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಯಾವ ಖಾತೆಯಿಂದ, ಎಷ್ಟು, ಎಷ್ಟು ಹೊತ್ತಿಗೆ ಹೋಯಿತು, ವ್ಯವಹಾರದ ನಂಬರ್ ಏನು ಅಂತ ಕೇಳ್ತಾರೆ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸ್ತಾ ಹೋಗ್ತಾರೆ, ದಾಟುವ ಮುಂಚೆ ತಡೆದರೆ ಸಿಗುತ್ತೆ. ಹಾಗಾಗಿ ಮೊದಲ ಒಂದೆರಡು ಗಂಟೆಗೆ ಬೆಲೆ ಜಾಸ್ತಿ. ಆಮೇಲೆ ಬ್ಯಾಂಕಿಗೆ ಹೇಳಿ ಕಾರ್ಡ್, ಯುಪಿಐ ಬಂದ್ ಮಾಡಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ ತಿಳಿಸಿದ ಮೇಲೂ ದುಡ್ಡು ಹೋದರೆ ಅದು ಬ್ಯಾಂಕಿನ ಹೊಣೆ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲೇ ಇದೆ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸದೆ ಮತ್ತೆ ಸಿಮ್ ಹಾಕಬೇಡಿ.

ನಾವು ನಾಲ್ಕು ದಿನ ತಡ ಮಾಡಿದ್ದೆವು. ಒಂದು ರೂಪಾಯಿ ವಾಪಸ್ ಬರಲಿಲ್ಲ. ನಾನು ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿ ಕೂತವರು, “ನೀವೇ ಒಟಿಪಿ ಕೊಟ್ಟು ನಮ್ಮನ್ನು ಕೇಳ್ತೀರಲ್ಲ” ಅಂದರು. ಅಪ್ಪ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಒಟಿಪಿಯನ್ನು ಅವರು ಯಾರಿಗೂ ಹೇಳಿರಲಿಲ್ಲ.

ಮೇಲ್ ವಿಷಯಾನೂ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ಮೇಲ್ ತೆಗೆದು ನೋಡೋದೇ ಇಲ್ಲ. ಹೊಸ ಫೋನ್ ತಗೊಂಡ ದಿನ ಅಂಗಡಿ ಹುಡುಗ ಜಿಮೇಲ್ ಮಾಡಿಕೊಟ್ಟಿರ್ತಾನೆ, ಪಾಸ್‌ವರ್ಡ್ ಅವನಿಗೇ ಗೊತ್ತಿರುತ್ತೆ! ಅದರಲ್ಲಿ ಸೋಲಾರ್ ಪಂಪ್ ಮಂಜೂರಾಗಿದೆ, ನೋಂದಣಿ ಶುಲ್ಕ ಕಟ್ಟಿ ಅನ್ನೋ ಕಸ ತುಂಬಿರುತ್ತೆ. ಕುಸುಮ್ ಯೋಜನೆ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿ ದುಡ್ಡು ಕೀಳೋರ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ. ಮೇಲ್ ಓದದಿದ್ದರೂ ಪರವಾಗಿಲ್ಲ, ಪಾಸ್‌ವರ್ಡ್ ಮಾತ್ರ ಇವತ್ತೇ ಬದಲಿಸಿ. ಫೋನಿನ ಬೀಗದ ಕೈ ಇರೋದು ಅಲ್ಲೇ.

ಹಾಗೇ ಅಪ್ಪ ಅಮ್ಮನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. 2023ರಲ್ಲಿ ದಕ್ಷಿಣ ಕನ್ನಡದ ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ, ಒಟಿಪಿ ಇಲ್ಲದೆ ಬರೀ ನಕಲಿ ಬೆರಳಚ್ಚಿನಿಂದ ದುಡ್ಡು ತೆಗೆದ ದೂರುಗಳು ಬಂದಿದ್ದವು. ಎಂ-ಆಧಾರ್ ಆಪ್‌ನಲ್ಲಿ ಎರಡು ನಿಮಿಷದ ಕೆಲಸ. ರೇಷನ್ ಅಂಗಡಿಗೆ ಹೋಗುವ ದಿನ ತೆರೆದುಕೊಡಬೇಕು, ಇಲ್ಲ ಅಂದರೆ ಹೆಬ್ಬೆಟ್ಟು ತಗೊಳ್ಳಲ್ಲ, ಅಮ್ಮನ ಹತ್ರ ಬೈಸ್ಕೊಳ್ತೀರಿ.

ನಾನು ಈಗ ಮನೆಯಲ್ಲಿ ಬೈಯೋದು ಬಿಟ್ಟಿದ್ದೇನೆ. ಏನೇ ಒತ್ತಿದರೂ ತಕ್ಷಣ ಹೇಳಪ್ಪ, ಸಿಟ್ಟು ಮಾಡಲ್ಲ ಅಂತ ಮಾತು ಕೊಟ್ಟಿದ್ದೇನೆ. 1930 ಅಂತ ಗೋಡೆ ಮೇಲೆ, ಹಾಲಿನ ಲೆಕ್ಕದ ಪಕ್ಕ, ಚಾಕ್‌ನಲ್ಲಿ ಬರೆದಿದ್ದೇನೆ.

ಹೋದ ವಾರ ಗ್ರೂಪ್‌ಗೆ ‘ಮದುವೆ ಆಮಂತ್ರಣ’ ಅಂತ ಮತ್ತೊಂದು ಎಪಿಕೆ ಬಂತು. ಯಾರೂ ಮಾತಾಡುವ ಮುಂಚೆ ಅಪ್ಪನದೇ ವಾಯ್ಸ್ ಮೆಸೇಜ್: “ಯಾರ್ ಮದುವೆ ಇದು? ನಿಜವಾಗ್ಲೂ ಕರಿಯೋರಾದ್ರೆ ಮನೆಗೆ ಬಂದು ಕುಂಕುಮ ಇಟ್ಟು ಕರೀರಿ.”