ಪ್ರೀತಿ ಇದ್ರೆ ಪೇಮೆಂಟ್ ಯಾಕೆ?

1/4
ಫೋಟೋ ಜಕ್ಕೂರಿನ ಏರೋಡ್ರೋಮ್ ಬೇಲಿ ಹೊರಗಿಂದ ತೆಗೆದದ್ದು. ಆ ಪುಟ್ಟ ವಿಮಾನದ ವಿಷಯ ಆಮೇಲೆ. ಮೊದಲು ನನ್ನ ಗೋಳು ಕೇಳಿ.

ಹೋದ ತಿಂಗಳು ಒಂದು ಸೀರಿಯಲ್ ಪೈಲಟ್‌ಗೆ ಅಸಿಸ್ಟೆಂಟ್ ಆಗಿ ಹೋಗಿದ್ದೆ. ಪೈಲಟ್ ಅಂದ್ರೆ ಚಾನೆಲ್‌ನವರಿಗೆ ತೋರಿಸೋಕೆ ಮಾಡೋ ಮಾದರಿ ಎಪಿಸೋಡ್. ಅವರು ಒಪ್ಪಿದ್ರೆ ಸೀರಿಯಲ್, ಇಲ್ಲಾಂದ್ರೆ ಹಾರ್ಡ್ ಡಿಸ್ಕ್‌ನಲ್ಲೇ ಸಮಾಧಿ. ನಾಲ್ಕು ರಾತ್ರಿ ಶೂಟಿಂಗ್. ಮೂರನೇ ರಾತ್ರಿ ಎರಡು ಗಂಟೆಗೆ, ನಾಯಕಿಯ ಬಳೆ ಹಿಂದಿನ ಶಾಟ್‌ನಲ್ಲಿ ಎಡಗೈಲಿತ್ತು, ಈಗ ಬಲಗೈಲಿದೆ ಅಂತ ಹಿಡಿದವಳು ನಾನು. ಡೈರೆಕ್ಟರ್ ತಿರುಗಿ ನೋಡಿ ತಲೆ ಆಡಿಸಿದ್ರು. ಆ ಖುಷಿ ಸುಳ್ಳಲ್ಲ.

2/4
ಪೇಮೆಂಟ್ ಕೇಳಿದ್ದಕ್ಕೆ ಬಂದ ಉತ್ತರ: "ನಿಂಗೆ ಕೆಲಸದ ಮೇಲೆ ಪ್ರೀತಿನಾ, ದುಡ್ಡಿನ ಮೇಲೆ ಪ್ರೀತಿನಾ?"

ಅದೇ ಸೆಟ್‌ನಲ್ಲಿ ಲೈಟ್ ಹುಡುಗರಿಗೆ ದಿನಾ ಸಂಜೆ ಬಾಟಾ ಎಣಿಸಿ ಕೊಟ್ರು. ಅವರನ್ನ ಯಾರೂ ಪ್ರೀತಿ ಇದ್ಯಾ ಅಂತ ಕೇಳಲಿಲ್ಲ. ಕೇಳೋ ಧೈರ್ಯ ಇಲ್ಲ, ಅವರ ಹಿಂದೆ ಯೂನಿಯನ್ ಇದೆ. ಪ್ರೀತಿಯ ಪರೀಕ್ಷೆ ನಮ್ಮಂಥ ಹೊಸಬರಿಗೆ ಮಾತ್ರ.

ಇನ್ನು ಮಾತೆತ್ತಿದ್ರೆ ಶಂಕರ್‌ನಾಗ್. ಹೌದು, ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಕಟ್ಟಿದ ಮನುಷ್ಯನ ಮುಂದೆ ನಾವೆಲ್ಲ ಏನೂ ಅಲ್ಲ. ಆದ್ರೆ ತನ್ನ ಕನಸಿಗೆ ತಾನು ನಿದ್ದೆಗೆಡೋದು ಬೇರೆ, ಇನ್ನೊಬ್ಬರ ಕನಸಿಗೆ ನನ್ನ ನಿದ್ದೆ ಕೆಡಿಸೋದು ಬೇರೆ. ದಯವಿಟ್ಟು ಆ ಹೆಸರನ್ನ ಬಿಲ್ ತಪ್ಪಿಸೋಕೆ ಬಳಸ್ಬೇಡಿ.

3/4
ಈಗ ಆ ವಿಮಾನ. ನನ್ನ ಜೊತೆ ಪಿಯುಸಿ ಓದಿದವನು ಇನ್ನೊಂಥರ ಪೈಲಟ್ ಆಗ್ತಿದ್ದಾನೆ. ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಮನೆಯವರು ಸಾಲ ಮಾಡಿದ್ದಾರೆ. ಆಕಾಶ ಅಂದ್ರೆ ಅವನಿಗೆ ಹುಚ್ಚು. ಆದ್ರೆ ಆ ಹುಚ್ಚನ್ನ ಕಾಕ್‌ಪಿಟ್‌ನಲ್ಲಿ ಯಾರೂ ನಂಬಲ್ಲ! ಸುಸ್ತಾಗಿದೆ ಅಂತ ಗೊತ್ತಿದ್ದೂ ಹಾರಿಸೋದೇ ಅಲ್ಲಿ ತಪ್ಪು. 2024ರ ಜನವರಿಯಲ್ಲಿ ಡಿಜಿಸಿಎ ನಿಯಮ ಬದಲಿಸಿ ಏರ್‌ಲೈನ್ ಪೈಲಟ್‌ಗಳ ವಾರದ ವಿಶ್ರಾಂತಿಯನ್ನ 36 ಗಂಟೆಯಿಂದ 48ಕ್ಕೆ ಏರಿಸಿತು. ಅದೂ ಸುಮ್ನೆ ಜಾರಿಗೆ ಬರಲಿಲ್ಲ, ಪೈಲಟ್‌ಗಳ ಸಂಘದವರು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. ಅವರಿಗೆ ಹಾರೋದು ಇಷ್ಟ ಇಲ್ಲ ಅಂತೀರಾ?

"ಸೆಟ್‌ನಲ್ಲಿ ನಿದ್ದೆ ತೂಗಿದ್ರೆ ಯಾರೂ ಸಾಯಲ್ಲ" ಅಂತ ಒಬ್ಬ ಆಗಲೇ ಮೆಸೇಜ್ ಹಾಕಿದ್ದಾನೆ. ಪ್ಯಾಕಪ್ ಆಗಿ ಬೆಳಗಿನ ಜಾವ ನಾಲ್ಕಕ್ಕೆ ನಮ್ಮನ್ನ ಮನೆಗೆ ಬಿಡೋ ಟೆಂಪೋ ಓಡಿಸೋನೂ ರಾತ್ರಿಯಿಡೀ ಎದ್ದೇ ಇದ್ದ, ಮಾರಾಯ.

4/4
ನನಗೆ ಸಿಟ್ಟು ಆ ಪ್ರೊಡಕ್ಷನ್‌ನವರ ಮೇಲಷ್ಟೇ ಅಲ್ಲ, ನಮ್ಮ ಕ್ಲಾಸಿನವರ ಮೇಲೂ ಇದೆ. "ಎಕ್ಸ್‌ಪೀರಿಯನ್ಸ್ ಸಿಗುತ್ತಲ್ಲ" ಅಂತ ನಾವು ಪುಕ್ಕಟೆ ಹೋಗ್ತೀವಿ. ಯಾರು ಹೋಗಬಲ್ರು? ಬೆಂಗಳೂರಲ್ಲಿ ಮನೆ ಇರೋರು, ನನ್ನ ಹಾಗೆ, ಅಮ್ಮ ಬಡಿಸಿದ್ದು ಉಂಡು ಬರೋರು. ರಾಯಚೂರಿಂದ ಬಂದು ಪಿಜಿಯಲ್ಲಿರೋಳು ನನಗಿಂತ ಚೆನ್ನಾಗಿ ಕಂಟಿನ್ಯೂಟಿ ನೋಡ್ತಾಳೆ. ಬಾಡಿಗೆ ಕಟ್ಟಬೇಕಲ್ಲ, ಈಗ ಕಾಲ್ ಸೆಂಟರ್‌ನಲ್ಲಿದ್ದಾಳೆ. ಅವಳಿಗೆ ಪ್ರೀತಿ ಕಮ್ಮಿ ಇತ್ತಾ? ನಾನು ಪುಕ್ಕಟೆ ಒಪ್ಕೊಂಡಿದ್ದೇ ಅವಳ ಜಾಗ ತಿಂತು.

ಮುಂದಿನ ವಾರ ಇನ್ನೊಂದು ಪೈಲಟ್‌ಗೆ ಕರೆದಿದ್ದಾರೆ. ಕಥೆ ಚೆನ್ನಾಗಿದೆ, ಅದೇ ಕಷ್ಟ. ದಿನಕ್ಕೆ ಎಷ್ಟು ಅಂತ ಬರೆದು ಕಳಿಸಿ ಅಂದಿದ್ದೀನಿ, ಇನ್ನೂ ನೀಲಿ ಟಿಕ್ ಬಂದಿಲ್ಲ. ನಿಮಗೆ ಎಷ್ಟು ಕೊಟ್ರು? ಕೆಳಗೆ ಹಾಕಿ. ಸೊನ್ನೆ ಆದ್ರೆ ಸೊನ್ನೆ ಅಂತಾನೇ ಹಾಕಿ.